ಮಂಗಳೂರಿನ ಯಹೂದಿ ಮನೆ, ಕೈರೋದ ಕಾಗದ: ಹನ್ನೆರಡನೆಯ ಶತಮಾನದ ಒಂದು ಕರಾವಳಿ ಸಮುದಾಯದ ಚರಿತ್ರೆ

ನಮ್ಮೂರು ಮಂದ್ರೂಪ. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಜೋಳದ ಹೊಲದ ನಡುವಿನ ಊರಿನಿಂದ ಬಂದವರು ಸಮುದ್ರದ ದಂಡೆಯ ಯಹೂದಿಗಳ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರು ಆಗಲೇ ಕೇಳಿದ್ದಾರೆ. ಅದಕ್ಕೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗ್ತೀನಿ.

1. ಪ್ರಶ್ನೆ ಹುಟ್ಟಿದ ಬಗೆ

ನಮ್ಮ ಅಜ್ಜಿ ಓದಿದ್ದು ಮರಾಠಿ ಶಾಲೆಯಲ್ಲಿ, ಅದೂ ನಾಲ್ಕನೆಯ ಇಯತ್ತೆವರೆಗೆ. ಮನೆಮಾತು ಮಾತ್ರ ಕನ್ನಡ. ಭಜನೆಯಲ್ಲಿ ಹಾಡುವ ವಚನ, ತತ್ವಪದ, ಹಂತಿಪದಗಳನ್ನೆಲ್ಲ ಆಕೆ ಒಂದು ವಹಿಯಲ್ಲಿ ಬರೆದುಕೊಂಡಿದ್ದಾಳೆ. ಭಾಷೆ ಕನ್ನಡ, ಲಿಪಿ ದೇವನಾಗರಿ. ಗಡಿಯಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ. ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಆ ವಹಿಯನ್ನು ಹಳೆ ಪೇಪರ್ ಜೊತೆ ರದ್ದಿಗೆ ಇಟ್ಟಿದ್ದೆ. ಅಜ್ಜಿ ನೋಡಿ ಎತ್ತಿಕೊಂಡಳು. "ಬ್ಯಾಡಪಾ, ಅದರಾಗ ಶಿವನ ಹೆಸರ ಅದ. ಹಂಗ ರದ್ದಿಗಿ ಹಾಕಬಾರದು" ಅಂದಳು.

ಅದೇ ವಾರ ನಾನು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಓದ್ತಾ ಇದ್ದೆ. 1992ರ ಪುಸ್ತಕ. ಅದರಲ್ಲಿ ಹನ್ನೆರಡನೆಯ ಶತಮಾನದ ಮಂಗಳೂರಿನ ಒಬ್ಬ ಯಹೂದಿ ವ್ಯಾಪಾರಿ ಬರ್ತಾನೆ. ಅವನ ಮನೆಯ ವಿವರ ನಮಗೆ ಸಿಕ್ಕಿದ್ದು ಕೈರೋದಲ್ಲಿ ಯಾರೋ ಕಾಗದ ಎಸೆಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ಅವರು ಎಸೆಯದಿದ್ದ ಕಾರಣವೂ ಅಜ್ಜಿ ಹೇಳಿದ ಕಾರಣವೇ. ಅಲ್ಲಿಂದ ಈ ಪ್ರಬಂಧ ಶುರುವಾಯಿತು. ಇಂದು ಇಲ್ಲದ ಒಂದು ಸಮುದಾಯದ ಚರಿತ್ರೆ ಯಾವ ದಾರಿಯಿಂದ ನಮ್ಮವರೆಗೆ ಬರುತ್ತದೆ, ಆ ದಾರಿಯಲ್ಲಿ ಯಾರು ಕಾಣುತ್ತಾರೆ, ಯಾರ ದನಿ ಕೇಳುವುದಿಲ್ಲ ಎಂಬುದು ನನ್ನ ಪ್ರಶ್ನೆ.

2. ಎಸೆಯದ ಕಾಗದ

ಹಳೆ ಕೈರೋದ ಹೆಸರು ಫುಸ್ತಾತ್. ಅಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾಮಂದಿರವಿದೆ. ದೇವರ ಹೆಸರು ಬರೆದ ಕಾಗದವನ್ನು ಹರಿದು ಬಿಸಾಡಬಾರದು, ಬೇರೆ ಕಡೆ ಇಟ್ಟು ಆಮೇಲೆ ಹೂಳಬೇಕು ಎಂಬುದು ಯಹೂದಿ ಸಂಪ್ರದಾಯ. ಹಾಗೆ ಇಡುವ ಜಾಗಕ್ಕೆ ಗೆನಿಜಾ ಎನ್ನುತ್ತಾರೆ. ಪತ್ರದ ತಲೆಯಲ್ಲಿ ದೇವರ ಸ್ಮರಣೆ ಇರುತ್ತಿತ್ತು. ಹೀಗಾಗಿ ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆ ಕರಾರು, ಸಾಮಾನಿನ ಪಟ್ಟಿ ಎಲ್ಲವೂ ಆ ಕೋಣೆ ಸೇರಿದವು. ಫುಸ್ತಾತಿನವರು ಅವನ್ನು ಹೂಳಲಿಲ್ಲ, ಕೋಣೆಯಲ್ಲೇ ಬಿಟ್ಟರು. ಈಜಿಪ್ತಿನ ಒಣ ಹವೆಗೆ ಕಾಗದ ಉಳಿಯಿತು.

1896-97ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ಸಾಲೊಮನ್ ಶೆಖ್ಟರ್ ಅಲ್ಲಿಗೆ ಹೋಗಿ ಬಹುಪಾಲು ಕಾಗದವನ್ನು ಇಂಗ್ಲೆಂಡಿಗೆ ಸಾಗಿಸಿದರು. ಕೇಂಬ್ರಿಜ್ ಸಂಗ್ರಹವೊಂದರಲ್ಲೇ ಸುಮಾರು 1,93,000 ತುಣುಕುಗಳಿವೆ. ಉಳಿದವು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಹಂಚಿಹೋದವು. ಇವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಹುಡುಕಿ ಒಟ್ಟುಗೂಡಿಸುವ ಕೆಲಸವನ್ನು ಎಸ್.ಡಿ. ಗೊಯ್‌ಟೈನ್ ದಶಕಗಳ ಕಾಲ ಮಾಡಿದರು. ಅವರು 1985ರಲ್ಲಿ ತೀರಿಕೊಂಡ ಮೇಲೆ ಮೊರ್ಡೆಖಾಯ್ ಫ್ರೀಡ್‌ಮನ್ ಅದನ್ನು ಮುಂದುವರಿಸಿ, 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಸಂಪುಟವಾಗಿ ಹೊರತಂದರು. ಮಂಗಳೂರಿನ ಕಥೆ ಇರುವುದು ಈ ಪತ್ರಗಳಲ್ಲಿ.

ಈ ಪತ್ರಗಳ ಭಾಷೆ ಅರಬ್ಬಿ, ಆದರೆ ಬರೆದದ್ದು ಹೀಬ್ರೂ ಲಿಪಿಯಲ್ಲಿ. ಮನೆ, ಪೇಟೆಯಲ್ಲಿ ಆಡುವ ಮಾತು ಒಂದು, ಕಲಿತ ಅಕ್ಷರ ಇನ್ನೊಂದು. ಇಂಥ ಬರಹ ಬಹಳ ಬೇಗ ಅನಾಥವಾಗುತ್ತದೆ. ಅರಬ್ಬಿ ಬಲ್ಲವರಿಗೆ ಲಿಪಿ ಬರುವುದಿಲ್ಲ, ಹೀಬ್ರೂ ಅಕ್ಷರ ಬಲ್ಲವರಿಗೆ ಅರ್ಥ ಆಗುವುದಿಲ್ಲ. ಅಜ್ಜಿಯ ವಹಿಗೂ ಇದೇ ತೊಡಕು. ಮರಾಠಿಯವರು ಅದನ್ನು ಅಕ್ಷರಕ್ಷರ ಓದಬಲ್ಲರು, ತಿಳಿಯುವುದಿಲ್ಲ. ಬೆಂಗಳೂರಿನ ಓದುಗರು ದೂರದಿಂದ ನೋಡಿದರೆ ಮರಾಠಿ ಅಂತ ಬದಿಗಿಡುತ್ತಾರೆ.

3. ಮಂಗಳೂರಿನ ಮನೆ

ವ್ಯಾಪಾರಿಯ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಇಂದಿನ ಟ್ಯುನೀಸಿಯಾದ ಮಹ್ದಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ಏಡನ್‌ಗೆ ಬಂದು, ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥನೂ ದೊಡ್ಡ ವ್ಯಾಪಾರಿಯೂ ಆದ ಮದ್ಮೂನ್ ಎಂಬವನ ಜೊತೆ ಸಂಬಂಧ ಬೆಳೆಸಿ, 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. ನಡುವೆ ಮಲಬಾರಿನ ಬಂದರುಗಳಲ್ಲೂ ಇದ್ದು, ಒಟ್ಟು ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲೇ ಕಳೆದ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು.

ಇಲ್ಲಿಂದ ಏಡನ್‌ಗೆ ಹೋಗುತ್ತಿದ್ದದ್ದು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಬೆನ್ ಯಿಜು ಕಂಚಿನ ಸಾಮಾನು ಮಾಡಿಸುವ ಒಂದು ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್‌ನಿಂದ ತಾಮ್ರ, ಒಡೆದ ಹಳೆಯ ಪಾತ್ರೆಗಳು ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿನ ಕುಶಲಕರ್ಮಿಗಳು ಅವನ್ನು ಕರಗಿಸಿ ಹೊಸ ಪಾತ್ರೆ, ಬೀಗ ಮಾಡಿ ಕೊಡುತ್ತಿದ್ದರು. ಯಾವ ಅಳತೆಯ ಪಾತ್ರೆ ಬೇಕು ಅಂತ ಏಡನ್‌ನವರು ಪತ್ರದಲ್ಲಿ ಬರೆಯುತ್ತಿದ್ದರು. ಅಂದರೆ ಹನ್ನೆರಡನೆಯ ಶತಮಾನದಲ್ಲೇ ನಮ್ಮ ಕರಾವಳಿಯ ಕಂಚುಗಾರರು ಪರದೇಶದ ಗಿರಾಕಿಯ ಅಳತೆಗೆ ಕೆಲಸ ಮಾಡಿಕೊಡುತ್ತಿದ್ದರು. ವ್ಯಾಪಾರದ ಜಗಳವೂ ಇದೆ. 'ಕಾರ್ದಾರ್' ಎಂದು ಪತ್ರಗಳು ಕರೆಯುವ ಒಬ್ಬ ಸ್ಥಳೀಯ ದಲ್ಲಾಳಿ ಏಲಕ್ಕಿಗೆ ಮುಂಗಡ ಹಣ ತೆಗೆದುಕೊಂಡು ಮಾಲು ಕಳಿಸಲಿಲ್ಲ. ಏಡನ್‌ನವರು ಅದರ ಬಗ್ಗೆ ಬೆನ್ ಯಿಜುವಿಗೆ ಮತ್ತೆ ಮತ್ತೆ ಬರೆಯುತ್ತಾರೆ. ಸೊಲ್ಲಾಪುರದ ಅಡತಿ ಅಂಗಡಿಯ ಉದ್ರಿ ವಹಿವಾಟು ನೋಡಿದವರಿಗೆ ಈ ಪತ್ರಗಳು ಬಹಳ ಪರಿಚಿತ ಅನಿಸುತ್ತವೆ.

ಏಡನ್‌ನಿಂದ ಬರುತ್ತಿದ್ದ ಸಾಮಾನಿನಲ್ಲಿ ಸಕ್ಕರೆ, ಒಣದ್ರಾಕ್ಷಿ, ಚಾಪೆಗಳ ಜೊತೆಗೆ ಒಂದು ವಿಶೇಷ ವಸ್ತು ಇತ್ತು, ಕಾಗದ. ಆಗ ಇಲ್ಲಿ ಬರೆಯುತ್ತಿದ್ದದ್ದು ತಾಳೆಗರಿ, ತಾಮ್ರ, ಕಲ್ಲಿನ ಮೇಲೆ. ಹೀಗಾಗಿ ಬೆನ್ ಯಿಜುವಿಗೆ ಕಾಗದವನ್ನು ಗೆಳೆಯರು ಉಡುಗೊರೆಯಾಗಿ ಕಳಿಸುತ್ತಿದ್ದರು. ಅವನೂ ಅದನ್ನು ಹಾಳು ಮಾಡುತ್ತಿರಲಿಲ್ಲ. ಬಂದ ಪತ್ರಗಳ ಖಾಲಿ ಜಾಗದಲ್ಲಿ ತನ್ನ ಲೆಕ್ಕ, ಟಿಪ್ಪಣಿ, ಕರಡು ಬರೆದುಕೊಳ್ಳುತ್ತಿದ್ದ. ಊರು ಬಿಡುವಾಗ ಆ ಕಾಗದಗಳನ್ನೂ ಜೊತೆಗೆ ಒಯ್ದ. ಆತ ಅವನ್ನು ಮಂಗಳೂರಿನಲ್ಲೇ ಬಿಟ್ಟು ಹೋಗಿದ್ದರೆ ನಾಲ್ಕು ಮಳೆಗಾಲಕ್ಕೆ ಎಲ್ಲ ಮುಗಿಯುತ್ತಿತ್ತು.

4. ಆಶು ಮತ್ತು ಬೊಮ್ಮ

ಬೆನ್ ಯಿಜುವಿನ ಕಾಗದಗಳಲ್ಲಿ ನನಗೆ ಮುಖ್ಯ ಅನಿಸಿದ್ದು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡುವ ಕರಾರು ಅದು. ಆಕೆ ಈ ಕರಾವಳಿಯ ಹೆಣ್ಣು. ಆಕೆ ಬೆನ್ ಯಿಜುವಿನ ಹೆಂಡತಿಯಾದಳು, ಅವನ ಮಕ್ಕಳ ತಾಯಿಯಾದಳು ಎಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಆ ಮನೆಯ ಅಡುಗೆ, ಮಕ್ಕಳು ಮೊದಲು ಆಡಿದ ಮಾತು ಯಾವುದಿರಬಹುದು ಅಂತ ಯೋಚಿಸಿ ನೋಡಿ. ತಂದೆ ಅರಬ್ಬಿ ಮಾತಾಡುವ ಯಹೂದಿ, ತಾಯಿ ಇಲ್ಲಿಯವಳು, ಸುತ್ತ ತುಳು, ಕನ್ನಡ, ಮಲಯಾಳದ ಮಾತು. 'ಮಂಗಳೂರಿನ ಯಹೂದಿಗಳು' ಅಂದಾಗ ನಾವು ಹೊರಗಿನಿಂದ ಬಂದ ಒಬ್ಬ ಗಂಡಸನ್ನು ಮಾತ್ರ ಕಲ್ಪಿಸಿಕೊಳ್ಳುತ್ತೇವೆ. ಆ ಮನೆಯ ಅರ್ಧ ಇಲ್ಲಿಯದೇ ಆಗಿತ್ತು.

ಇನ್ನೊಬ್ಬ ವ್ಯಕ್ತಿ ಬೆನ್ ಯಿಜುವಿನ ದಾಸ. 1148ರಲ್ಲಿ ಏಡನ್‌ನ ಖಲಫ್ ಇಬ್ನ್ ಇಸ್ಹಾಕ್ ಬರೆದ ಪತ್ರದಲ್ಲಿ ಈ ದಾಸನಿಗೂ ವಂದನೆ ಹೇಳಲಾಗಿದೆ. ಆ ಪತ್ರ 1942ರಲ್ಲಿ ಒಂದು ಹೀಬ್ರೂ ನಿಯತಕಾಲಿಕೆಯಲ್ಲಿ ಅಚ್ಚಾಯಿತು. ಅದರ ಸಂಖ್ಯೆಯಿಂದಲೇ ಘೋಷ್ ತಮ್ಮ ಒಂದು ಸಂಶೋಧನಾ ಲೇಖನಕ್ಕೆ 'ಎಂ.ಎಸ್. ಎಚ್. 6ರ ಗುಲಾಮ' ಎಂಬ ಅರ್ಥದ ಹೆಸರಿಟ್ಟರು. ಈ ದಾಸ ಮನೆಯಲ್ಲಿ ನೀರು ತುಂಬುವವನಾಗಿರಲಿಲ್ಲ. ಬೆನ್ ಯಿಜುವಿನ ಪರವಾಗಿ ಮಾಲು ತೆಗೆದುಕೊಂಡು ಏಡನ್‌ಗೆ ಹೋಗಿಬರುತ್ತಿದ್ದ. ಅಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದ ಎಂಬ ಮದ್ಮೂನನ ದೂರೂ ಪತ್ರದಲ್ಲಿದೆ.

ಅವನ ಹೆಸರಿನ ವಿಷಯದಲ್ಲಿ ಕನ್ನಡ ಓದುವವರಿಗೆ ಕೆಲಸ ಇದೆ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಪೂರ್ತಿ ಬರೆಯುವುದಿಲ್ಲ. ಪತ್ರದಲ್ಲಿರುವುದು ಬ, ಮ, ಹ ಎಂಬ ಮೂರು ವ್ಯಂಜನ ಮಾತ್ರ. ಮೊದಲು ಇದನ್ನು 'ಬಾಮಾ' ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈ ಅವರ ನೆರವು ಪಡೆದ ಮೇಲೆ ಅದು 'ಬೊಮ್ಮ' ಎಂದಾಯಿತು. ತುಳುನಾಡಿನ ಬೆರ್ಮೆರ್ ದೈವದ ಹೆಸರೂ ಆ ಚರ್ಚೆಯಲ್ಲಿ ಬರುತ್ತದೆ. ನಮಗೆ ಇದು ತದ್ಭವದ ಪಾಠ. ಬ್ರಹ್ಮ ಎಂಬುದು ಬಮ್ಮ ಆಗುತ್ತದೆ, ಬೊಮ್ಮ ಆಗುತ್ತದೆ. ಶಾಸನಗಳಲ್ಲಿ ಎರಡೂ ರೂಪ ಸಿಗುತ್ತವೆ. ಅದೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರನ್ನು ನಾವು ಬಿ.ಎ. ತರಗತಿಯಲ್ಲೇ ಓದಿದ್ದೇವೆ. ಕೈರೋದ ಕಾಗದದ ಮೂರು ಅಕ್ಷರಕ್ಕೆ ದನಿ ಬಂದದ್ದು ಇಲ್ಲಿನ ಭಾಷೆಗಳ ತಿಳಿವಳಿಕೆಯಿಂದ.

ಕಾಲವನ್ನೂ ಹೊಂದಿಸಿ ನೋಡಿ. ಆಶುವಿನ ಬಿಡುಗಡೆ ಪತ್ರ, ಬೊಮ್ಮನ ಏಡನ್ ಪ್ರಯಾಣ ಎಲ್ಲ 1130 ಮತ್ತು 1140ರ ದಶಕಗಳವು. ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಬಿಜ್ಜಳನ ಆಳ್ವಿಕೆಯೊಳಗೆ ಬಸವಣ್ಣ ಕರಣಿಕನಾಗಿದ್ದ ಕಥೆ, ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಕಥೆ ಇವೂ ಇದೇ ಶತಮಾನದವು. ವಚನಗಳಲ್ಲಿ ನೂಲಿಯ ಚಂದಯ್ಯ, ಗಾಣದ ಕಣ್ಣಪ್ಪ ಮುಂತಾದ ದುಡಿಯುವ ಜನ ಕಾಣುತ್ತಾರೆ. ಶಾಸನಗಳಲ್ಲಿ ಇಂಥವರು ಕಾಣುವುದು ಅಪರೂಪ. ಅಲ್ಲಿ ರಾಜ, ದಾನ, ದೇವಸ್ಥಾನ, ವೀರಗಲ್ಲುಗಳದೇ ಮಾತು. ವಚನಗಳನ್ನು ಉಳಿಸಿದ್ದು ಭಕ್ತಿ. ಮುಂದೆ ಹದಿನೈದನೆಯ ಶತಮಾನದಲ್ಲಿ ಅವನ್ನು ಸಂಗ್ರಹಿಸಿದವರೂ ಶರಣರ ಮಾತು ಕಳೆಯಬಾರದು ಎಂದೇ ಸಂಗ್ರಹಿಸಿದರು. ಆ ಭಕ್ತಿಯ ಜೊತೆಯಲ್ಲಿ ಗಾಣಿಗನ ಗಾಣ, ನೂಲುವವನ ನೂಲು ಕೂಡ ಉಳಿಯಿತು. ಫುಸ್ತಾತಿನಲ್ಲಿ ಆದದ್ದೂ ಇದೇ. ದೇವರ ಹೆಸರಿಗಾಗಿ ಕಾಗದ ಇಟ್ಟರು, ಅದರ ಜೊತೆಗೆ ಏಲಕ್ಕಿಯ ಲೆಕ್ಕ ಉಳಿಯಿತು, ಬೊಮ್ಮ ಉಳಿದ.

ಒಂದು ಮಾತು ಮಾತ್ರ ಎಚ್ಚರದಿಂದ ಹೇಳಬೇಕು. ಆ ಕಾಲದ ದಾಸ್ಯ ಇಂದು ನಾವು ತಿಳಿದಿರುವ ತೋಟದ ಗುಲಾಮಗಿರಿಯಂಥದ್ದಲ್ಲ, ಅದರಲ್ಲಿ ಹಲವು ಬಗೆ ಇದ್ದವು ಎನ್ನುತ್ತಾರೆ. ಬೊಮ್ಮನಿಗೆ ವಂದನೆ ಬಂದದ್ದು ಗೌರವದ ಗುರುತು ಎಂದೂ ಓದಬಹುದು. ನಾನು ಅಲ್ಲಿಗೆ ನಿಲ್ಲಲಾರೆ. ವಂದನೆ ಬಂದ ಪತ್ರ ಅವನ ಒಡೆಯನ ಹೆಸರಿಗೇ ಬಂದಿತ್ತು. ಆಶುವಿನ ಬಿಡುಗಡೆಯ ಕರಾರನ್ನು ಬರೆದದ್ದು ಆಕೆಯನ್ನು ಇಟ್ಟುಕೊಂಡಿದ್ದವನೇ. ಇಬ್ಬರ ಕೈಬರಹದ ಒಂದು ಸಾಲೂ ನಮ್ಮ ಮುಂದಿಲ್ಲ. ವಚನದಲ್ಲಿ ಭಕ್ತ ತನ್ನನ್ನು ಆಳು, ತೊತ್ತು ಎಂದು ಕರೆದುಕೊಳ್ಳುವಾಗ ಅದು ಅವನೇ ಆರಿಸಿಕೊಂಡ ಮಾತು. ಆಶುವಿಗೆ ಆರಿಸಿಕೊಳ್ಳುವ ಅವಕಾಶ ಎಷ್ಟಿತ್ತು ಅಂತ ಕೇಳದೆ ಈ ಮನೆಯನ್ನು 'ಸಾಮರಸ್ಯದ ಮನೆ' ಎಂದು ಕರೆದರೆ ತಪ್ಪಾಗುತ್ತದೆ.

5. ಹೋದವರು

1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರಾಜರ್‌ನ ಸೇನೆ ಮಹ್ದಿಯಾವನ್ನು ವಶಪಡಿಸಿಕೊಂಡಿತು. ಬೆನ್ ಯಿಜುವಿನ ಸೋದರನ ಕುಟುಂಬ ಸಿಸಿಲಿಗೆ ಹೋಯಿತು. 1149ರಲ್ಲಿ ಬೆನ್ ಯಿಜು ಮಗ, ಮಗಳನ್ನು ಕರೆದುಕೊಂಡು ಏಡನ್‌ಗೆ ಮರಳಿದ. ಅಲ್ಲಿಂದ ಒಡಹುಟ್ಟಿದವರಿಗೆ ಬರೆದ ಪತ್ರದಲ್ಲಿ ತಾನು ಸುರಕ್ಷಿತನಾಗಿ ಬಂದದ್ದು, ಮಕ್ಕಳ ವಿಷಯ, ಮಗಳನ್ನು ಅಣ್ಣತಮ್ಮಂದಿರ ಮಗನಿಗೇ ಕೊಡಬೇಕೆಂಬ ಆಸೆ ಇದೆ. ಆಶುವಿನ ಮಾತೇ ಇಲ್ಲ. ಮಗ ಮುಂದೆ ತೀರಿಕೊಂಡ. ಮಗಳ ಮದುವೆ 1156ರಲ್ಲಿ ಫುಸ್ತಾತಿನಲ್ಲಿ, ಸಿಸಿಲಿಯಿಂದ ಬಂದ ಸೋದರನ ಮಗನ ಜೊತೆ ಆಯಿತು. ಮಂಗಳೂರಿನ ಗಾಳಿಯಲ್ಲಿ ಬೆಳೆದ ಹುಡುಗಿ ನೈಲ್ ನದಿಯ ದಂಡೆಯಲ್ಲಿ ಸಂಸಾರ ಹೂಡಿದಳು. ಬೊಮ್ಮನ ಕೊನೆಯ ಗುರುತು ಸಿಗುವುದೂ ಈಜಿಪ್ತಿನ ಒಂದು ಲೆಕ್ಕದ ಚೀಟಿಯಲ್ಲೇ. ಅವನು ಒಡೆಯನ ಜೊತೆ ಅಲ್ಲಿಯವರೆಗೂ ಹೋಗಿದ್ದ.

ಸುಮಾರು ಎರಡು ಶತಮಾನದ ನಂತರ, 1342ರ ಹೊತ್ತಿಗೆ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಪರ್ಷಿಯ, ಯೆಮೆನ್ ಕಡೆಯ ವ್ಯಾಪಾರಿಗಳನ್ನೂ ಸುಮಾರು 4,000 ಮುಸ್ಲಿಮರನ್ನೂ ಕಂಡದ್ದಾಗಿ ಬರೆಯುತ್ತಾನೆ. ಬಂದರು ನಡೆದೇ ಇತ್ತು. ಬೆನ್ ಯಿಜುವಿನಂಥವರ ಕಾಲ ಮುಗಿದಿತ್ತು.

6. ಅದೇ ಕರಾವಳಿಯ ಉತ್ತರಕ್ಕೆ

ಹೋಲಿಕೆಗಾಗಿ ಅದೇ ಪಶ್ಚಿಮ ಕರಾವಳಿಯ ಉತ್ತರಕ್ಕೆ, ನಮ್ಮ ಮಹಾರಾಷ್ಟ್ರದ ಕೊಂಕಣಕ್ಕೆ ಹೋಗೋಣ. ಅಲೀಬಾಗ್, ರೇವದಂಡಾ ಸುತ್ತಲಿನ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳ ಕಾಲ ಎಣ್ಣೆ ತೆಗೆಯುವ ಕಸುಬು ಮಾಡಿಕೊಂಡಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅವರಿಗೆ 'ಶನಿವಾರ ತೇಲಿ' ಎಂದು ಹೆಸರು. ಸೋಮವಾರ ಎತ್ತಿನ ಕೊರಳಿಗೆ ನೊಗ ಹಾಕದ ನಮ್ಮ ಕಡೆಯ ಜನಕ್ಕೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ಊರ ಹೆಸರಿಗೆ 'ಕರ' ಸೇರಿಸಿ ಅಡ್ಡಹೆಸರು ಇಟ್ಟುಕೊಂಡರು, ದಿವೇಕರ, ಕೆಹಿಮಕರ, ಪೆಣಕರ ಹೀಗೆ. ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ ಎಂಬ ಸೈನಿಕ ಬ್ರಿಟಿಷರ ಪರವಾಗಿ ಮೈಸೂರು ಯುದ್ಧದಲ್ಲಿ ಹೋರಾಡಿ ಟಿಪ್ಪುವಿನ ಸೆರೆಯಾಗಿದ್ದ. ಬಿಡುಗಡೆಯಾಗಿ ಬಂದ ಮೇಲೆ 1796ರಲ್ಲಿ ಮುಂಬಯಿಯಲ್ಲಿ ಸಮುದಾಯದ ಮೊದಲ ಪ್ರಾರ್ಥನಾಮಂದಿರ ಕಟ್ಟಿಸಿದ.

ಇವರು ಮರಾಠಿಯನ್ನು ಒಪ್ಪಿಕೊಂಡ ರೀತಿ ನಮಗೆ ಪಾಠ. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಅವರ ಹಬ್ಬದ ಪುಸ್ತಕದಲ್ಲಿ ಹೀಬ್ರೂ ಪಕ್ಕದಲ್ಲಿ ಮರಾಠಿ ಇದೆ, ಚಿತ್ರಗಳಲ್ಲಿ ಸೀರೆಯುಟ್ಟ ಹೆಣ್ಣುಮಕ್ಕಳು ಇದ್ದಾರೆ. 1880ರ ದಶಕದಲ್ಲಿ ಅವರು ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿ ಹಾಡತೊಡಗಿದರು. 1948ರಲ್ಲಿ ಇಸ್ರೇಲ್ ದೇಶ ಆದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಆದರೂ ಅಲೀಬಾಗಿನಲ್ಲಿ ಪ್ರಾರ್ಥನಾಮಂದಿರ ಇದೆ, 'ಇಸ್ರಾಯಲ್ ಆಳಿ' ಎಂಬ ಓಣಿಯ ಹೆಸರು ಇದೆ. ಅಲ್ಲಿನ ಚರಿತ್ರೆಯನ್ನು ಆ ಸಮುದಾಯದವರೇ ಬರೆದುಕೊಂಡರು. ಮಂಗಳೂರಿನ ಮನೆಗೆ ಹಾಗೆ ಬರೆಯುವ ವಾರಸುದಾರರು ಉಳಿಯಲಿಲ್ಲ.

7. ಚರ್ಚೆಯಿಂದ

ಪ್ರಬಂಧ ಮುಗಿದ ಮೇಲೆ ಒಬ್ಬ ಮೇಡಂ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಿದ್ದೇನೆ. "ಒಂದು ಮನೆ, ಒಬ್ಬ ವ್ಯಾಪಾರಿ, ಹದಿನೇಳು ವರ್ಷ. ಇದನ್ನು ಸಮುದಾಯ ಅಂತ ಕರೀಬಹುದಾ? ನೀವು ಒಂದು ಕುಟುಂಬದ ಕಥೆಗೆ ದೊಡ್ಡ ಹೆಸರು ಕೊಡ್ತಾ ಇದ್ದೀರಿ ಅನ್ಸಲ್ವಾ?"

ಮೇಡಂ, ನ್ಯಾಯವಾದ ಪ್ರಶ್ನೆ. ಊರಿನ ಲೆಕ್ಕದಲ್ಲಿ ನೋಡಿದರೆ ಅದು ಬಹಳ ಸಣ್ಣದು. ಆದರೆ ಅವರ ಸಮುದಾಯ ಒಂದೇ ಊರಿನ ಓಣಿಯಲ್ಲಿ ಇರಲಿಲ್ಲ. ಫುಸ್ತಾತ್, ಏಡನ್, ಮಂಗಳೂರು, ಮಲಬಾರಿನ ಬಂದರುಗಳು ಇವೆಲ್ಲ ಸೇರಿ ಒಂದು ಸಮುದಾಯ. ಅದನ್ನು ಹಿಡಿದಿಟ್ಟದ್ದು ಪತ್ರ. ಹಡಗು ಒಂದು ಮಾನ್ಸೂನಿಗೆ ಹೋಗಿ ಇನ್ನೊಂದಕ್ಕೆ ಬರುವವರೆಗೆ ಕಾಯುತ್ತಿದ್ದರು, ಆದರೂ ಬರೆಯುತ್ತಿದ್ದರು. ಮಂಗಳೂರು ಆ ಜಾಲದ ಒಂದು ಗಂಟು. ಗಂಟು ಬಿಚ್ಚಿದ ಮೇಲೆ ಊರಿನಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಊರಿನಲ್ಲಿ ಗೋಡೆ, ಗೋರಿ ಹುಡುಕುವ ಚರಿತ್ರೆ ಇವರನ್ನು ಕಾಣಲಿಲ್ಲ.

ಇನ್ನೊಬ್ಬ ಗೆಳತಿ ಕೇಳಿದ್ದು, "ಹಾಗಾದರೆ ಕನ್ನಡ ವಿಭಾಗ ಏನು ಮಾಡಬೇಕು? ಹೀಬ್ರೂ ಕಲಿಯಬೇಕಾ?" ಯಾರಾದರೂ ಕಲಿತರೆ ಒಳ್ಳೇದೇ. ಬೊಮ್ಮ ಎಂಬ ಹೆಸರಿನ ಉದಾಹರಣೆ ನೋಡಿದರೆ ಆ ಪತ್ರಗಳಲ್ಲಿರುವ ಸ್ಥಳೀಯ ಹೆಸರುಗಳನ್ನು ತುಳು, ಕನ್ನಡ, ಮಲಯಾಳ ಬಲ್ಲವರು ಕೂತು ಮತ್ತೆ ಓದಬೇಕು. ಆದರೆ ನನ್ನ ಕೈಗೆ ಹತ್ತಿರವಾದ ಕೆಲಸ ಬೇರೆ ಇದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ದೇವನಾಗರಿ ಅಕ್ಷರದಲ್ಲಿ ಬರೆದ ಕನ್ನಡ ವಹಿಗಳಿವೆ. ಭಜನಾ ಮಂಡಳಿಯ ಕಪಾಟಿನಲ್ಲಿ, ದೇವರ ಜಗುಲಿಯ ಹಿಂದೆ, ಟ್ರಂಕಿನಲ್ಲಿ. ಬರೆದವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಾರೆ. ಇವನ್ನು ಫೋಟೋ ತೆಗೆದು, ಯಾರು ಬರೆದರು, ಯಾವ ಊರಲ್ಲಿ ಯಾವ ಹಬ್ಬಕ್ಕೆ ಹಾಡುತ್ತಿದ್ದರು ಎಂದು ಬರೆದಿಡಬೇಕು. ನಡುನಡುವೆ ಇರುವ ಹಾಲಿನ ಲೆಕ್ಕ, ಬೀಸಿಯ ಕಂತಿನ ಲೆಕ್ಕ, ಮಗಳಿಗೆ ಕೊಟ್ಟ ಪಾತ್ರೆಗಳ ಪಟ್ಟಿ ಇವನ್ನು ಬಿಟ್ಟು ಹಾಡನ್ನಷ್ಟೇ ತೆಗೆದುಕೊಳ್ಳಬಾರದು. ಬೆನ್ ಯಿಜುವಿನ ಕಾಗದ ಕಲಿಸಿದ್ದು ಇದನ್ನೇ.

ಅಜ್ಜಿಯ ವಹಿಯಿಂದಲೇ ಆರಂಭಿಸಿದ್ದೇನೆ. ಈವರೆಗೆ ನಲವತ್ತು ಪುಟ ಕನ್ನಡ ಲಿಪಿಗೆ ಬಂದಿವೆ. ಕೆಲವು ಕಡೆ ಆಕೆಯ ಅಕ್ಷರ ತಿಳಿಯದಿದ್ದಾಗ ಫೋನ್ ಹಚ್ಚಿ ಕೇಳ್ತೀನಿ, ಆಕೆ ಓದಿ ಹೇಳೋದಿಲ್ಲ, ಹಾಡಿಯೇ ತೋರಿಸ್ತಾಳೆ. ಆಶುವಿನ ಹಾಡನ್ನು ಹೀಗೆ ಕೇಳಿ ಬರೆದುಕೊಂಡವರು ಯಾರೂ ಇರಲಿಲ್ಲ.